ಸೊನ್ನೆ ಇಲ್ಲದ ಓಣಿ

೨೦೪೭ನೇ ಇಸವಿಯ ಮಾರ್ಚ್ ೧೨, ಮಂಗಳವಾರ, ಬೆಳಗಿನ ೧೦ ಗಂಟೆ ೪೦ ನಿಮಿಷಕ್ಕೆ ಧಾರವಾಡದ ಜಾಡುಮಾಪನ ಕೇಂದ್ರದ ಪರದೆಯ ಮೇಲೆ ‘ಸಹವಾಸ’ ಎಂಬ ಸಮಾಜಶಾಸ್ತ್ರ ತ್ರೈಮಾಸಿಕದ ಪ್ರಭಾವಾಂಕ ಮೂಡಿತು. ಅದು ಸೊನ್ನೆಯಾಗಿತ್ತು. ಚುಕ್ಕಿಯ ಆಚೆಗೂ ಎರಡು ಸೊನ್ನೆಗಳಿದ್ದವು.

ಕೇಂದ್ರದ ಮುಖ್ಯಸ್ಥ ಶಿವಪುತ್ರ ಗುಡಗೇರಿ ಆ ಹೊತ್ತಿನಲ್ಲಿ ಬೇಕೆಂದೇ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ‘ಸಹವಾಸ’ದ ಸಂಪಾದಕಿ ಅವನ ಹೆಂಡತಿ ನೀಲಾಂಬಿಕೆ. ಹೆಂಡತಿಯ ಪತ್ರಿಕೆಯನ್ನು ಗಂಡ ಅಳೆಯುವುದು ಸರಿಯಲ್ಲವೆಂದು ಆ ಕೆಲಸವನ್ನು ಕಿರಿಯ ವಿಜ್ಞಾನಿ ಸಬೀಹಾ ಮುಲ್ಲಾಳಿಗೆ ಒಪ್ಪಿಸಿ, ತಾನು ಹೊರಗಿನ ಬೇವಿನ ಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ಸರ್, ಈಗ ಹೊಳ್ಳಿ ನೋಡಬಹುದ್ರಿ,” ಎಂದಳು ಸಬೀಹಾ.

“ಎಷ್ಟು?”

“ಸೊನ್ನಿ.”

“ಮತ್ತೊಮ್ಮೆ ಓಡಿಸು.”

“ಮೂರು ಸಲ ಓಡಿಸೀನ್ರಿ. ಮಷೀನಿಗೂ ನಾಚಿಕಿ ಬಂದೈತಿ.”

ಶಿವಪುತ್ರ ಕುರ್ಚಿ ಎಳೆದುಕೊಂಡು ಕೂತ. ‘ಜಾಡುಮಾಪಕ’ ಎಂಬ ಈ ಯಂತ್ರದ ಮೂಲ ವಿಚಾರ ಅವನದೇ.

ಹಿಂದೆ ಒಂದು ಪತ್ರಿಕೆಯ ಪ್ರಭಾವವನ್ನು ಅಳೆಯುವುದು ಸುಲಭವಿತ್ತು. ಅದರ ಲೇಖನಗಳನ್ನು ಬೇರೆಯವರು ತಮ್ಮ ಅಡಿಟಿಪ್ಪಣಿಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಎಣಿಸಿದರೆ ಮುಗಿಯಿತು. ಆದರೆ ಎಣಿಕೆಗೆ ಬೆಲೆ ಬಂದ ಮೇಲೆ ಉಲ್ಲೇಖಗಳು ಮದುವೆಯ ಮುಯ್ಯಿಯಂತಾದವು. ನೀನು ನನ್ನ ಹೆಸರು ಹಾಕು, ನಾನು ನಿನ್ನ ಹೆಸರು ಹಾಕುತ್ತೇನೆ. ಓದದೆಯೇ ಉಲ್ಲೇಖಿಸುವವರು ಹೆಚ್ಚಿದರು. ಓದಿ, ಬಳಸಿ, ಹೆಸರು ಹೇಳದವರು ಅದಕ್ಕಿಂತ ಹೆಚ್ಚಿದರು. ಕೊನೆಗೆ ಯಾರೂ ಅಡಿಟಿಪ್ಪಣಿಯನ್ನು ನಂಬದ ಕಾಲ ಬಂತು.

ಆಗ ಶಿವಪುತ್ರ ಜೀವಶಾಸ್ತ್ರದಿಂದ ಒಂದು ಉಪಾಯವನ್ನು ಎರವಲು ತಂದ. ಎರಡು ಜೀವಿಗಳು ಒಂದೇ ವಂಶದವೆಂದು ಹೇಗೆ ಗೊತ್ತಾಗುತ್ತದೆ? ಅವುಗಳ ಜೀನುಗಳಲ್ಲಿ ಉಪಯೋಗಕ್ಕೆ ಬಾರದ ಸಣ್ಣ ದೋಷಗಳು ಒಂದೇ ಜಾಗದಲ್ಲಿದ್ದರೆ. ವಿಚಾರಗಳದೂ ಹಾಗೆಯೇ. ಸರಿಯಾದ ಸಂಗತಿಯನ್ನು ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿಯಬಹುದು. ಒಂದೇ ತಪ್ಪನ್ನು ಇಬ್ಬರು ಬೇರೆ ಬೇರೆಯಾಗಿ ಮಾಡುವುದು ಬಹಳ ಅಪರೂಪ. ಜಾಡುಮಾಪಕ ಪುಸ್ತಕ, ಪಠ್ಯ, ಸರಕಾರಿ ಆದೇಶ, ಕಟ್ಟಡದ ನಕ್ಷೆ ಎಲ್ಲವನ್ನೂ ಓದಿ, ಒಂದು ಪತ್ರಿಕೆಯಲ್ಲಿ ಹುಟ್ಟಿದ ತಪ್ಪು ಎಲ್ಲೆಲ್ಲಿ ಸಂಸಾರ ಹೂಡಿದೆ ಎಂದು ಹುಡುಕುತ್ತಿತ್ತು. ಕೋಷ್ಟಕವೊಂದನ್ನು ತಲೆಕೆಳಗಾಗಿ ಅಚ್ಚು ಹಾಕಿದ್ದ ಒಂದು ಅರ್ಥಶಾಸ್ತ್ರ ಪತ್ರಿಕೆಗೆ ಕಳೆದ ವರ್ಷ ೬.೧ ಅಂಕ ಬಂದಿತ್ತು.

“ನಿಮ್ಮ ಮನಿಯವರ ಪತ್ರಿಕಿಯಾಗ ಒಂದೂ ತಪ್ಪಿಲ್ರಿ ಸರ್,” ಎಂದಳು ಸಬೀಹಾ. “ಐವತ್ತು ವರ್ಷದ ಸಂಚಿಕಿ ನೋಡೀನಿ. ಕೂಡಿಸಿದ್ದು ಕೂಡೈತಿ, ಕಳದದ್ದು ಕಳದೈತಿ. ಮಷೀನಿಗೆ ಹಿಡಕೊಳ್ಳಾಕ ಒಂದು ಕೊಂಡಿನ ಇಲ್ಲ.”

ಅಂಕ ೦.೨೦ಕ್ಕಿಂತ ಕಡಿಮೆಯಾದ ಪತ್ರಿಕೆಯನ್ನು ರಾಜ್ಯದ ಗ್ರಂಥಾಲಯಗಳು ಕೊಳ್ಳುವಂತಿಲ್ಲ. ಗ್ರಂಥಾಲಯಗಳು ಕೊಳ್ಳದಿದ್ದರೆ ‘ಸಹವಾಸ’ ನಿಲ್ಲುತ್ತದೆ. ತಿಂಗಳ ಕೊನೆಯೊಳಗೆ ವರದಿ ಹೋಗಬೇಕಿತ್ತು.

*

ನೀಲಾಂಬಿಕೆ ಸಂಜೆ ಪಡಸಾಲೆಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದಳು. ಕೈಯಲ್ಲಿದ್ದದ್ದು ಪತ್ರಿಕೆಯ ಕರಡಲ್ಲ, ಓಣಿಯ ಹೂಗಾರರ ಮಗಳ ಲಗ್ನಪತ್ರಿಕೆ. ಹೂಗಾರ ಓಣಿಯಲ್ಲಿ ಯಾರ ಮನೆಯ ಲಗ್ನಪತ್ರಿಕೆಯೂ ಅವಳ ಕಣ್ಣಿಗೆ ಬೀಳದೆ ಅಚ್ಚಿಗೆ ಹೋಗುತ್ತಿರಲಿಲ್ಲ. ಶಿವಪುತ್ರನ ಕಿರಾಣಿ ಚೀಟಿಯೂ ಅಂಗಡಿಗೆ ಹೋಗುವ ಮೊದಲು ಒಮ್ಮೊಮ್ಮೆ ಕೆಂಪಾಗುತ್ತಿತ್ತು.

“ಇವರು ವರನ ಸೋದರಮಾವನ್ನ ಎರಡು ಸಲ ಹಾಕ್ಯಾರ ನೋಡ್ರಿ,” ಎಂದಳು, ತಲೆ ಎತ್ತದೆ. “ಊಟಕ್ಕೂ ಎರಡು ಎಲಿ ಹಾಕಬೇಕಾಕ್ಕೈತಿ.”

“ನೀಲಾ, ನಿನ್ನ ಅಂಕ ಬಂತು.”

ಪೆನ್ನು ನಿಂತಿತು. ಅವನು ಅಂಕ ಹೇಳಿದ. ಆಮೇಲೆ ಕಾರಣವನ್ನೂ ಹೇಳಿದ. ಹೇಳುತ್ತ ಹೇಳುತ್ತ ತನ್ನ ಯಂತ್ರದ ಬಗ್ಗೆ ಅವನಿಗೇ ಮೊದಲ ಸಲ ಮುಜುಗರವಾಯಿತು.

ನೀಲಾಂಬಿಕೆ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದಳು. “ಅಂದ್ರ, ನಾ ಚಲೋತ್ನಾಗಿ ಕೆಲಸ ಮಾಡಿದ್ದಕ್ಕ ಸೊನ್ನಿ.”

“ಹಂಗಲ್ಲ. ನಿನ್ನ ಮಾತು ಮಂದಿಗೆ ಮುಟ್ಟಿಲ್ಲಂತ ಅಲ್ಲ. ಮುಟ್ಟೈತಿ ಅಂತ ತೋರಿಸಾಕ ಗುರುತಿಲ್ಲ.”

“ನೀರು ಕುಡಿದವರು ಬಾವಿ ಹೆಸರು ಹೇಳಬೇಕಾದ್ರ ನೀರಾಗ ಕಸ ಇರಬೇಕು. ಇದನ್ನ ಅಳ್ಯಾಕ ನಿಮಗ ಹದಿನೈದು ವರ್ಷ ಬೇಕಾತು.”

ಅವನು ಉತ್ತರ ಕೊಡುವುದರೊಳಗೆ ಅವಳ ತಮ್ಮನ ಮಗ ಬಸವಪ್ರಭು ಕಲಬುರಗಿಯಿಂದ ಫೋನ್ ಮಾಡಿದ. ಅವನೂ ಅಲ್ಲೊಂದು ಪತ್ರಿಕೆಯ ಸಂಪಾದಕ. ಸುದ್ದಿ ಅವನಿಗೆ ಆಗಲೇ ತಲುಪಿತ್ತು.

“ಅತ್ತಿ, ಚಿಂತಿ ಮಾಡಬ್ಯಾಡ್ರಿ. ಈಗ ಎಲ್ಲಾರೂ ಸಂಚಿಕಿಗೊಂದು ಸಣ್ಣ ತಪ್ಪು ಬಿತ್ತಾಕತ್ಯಾರ. ನಮ್ಮಲ್ಲಿ ಅದಕ್ಕಂತ ಒಬ್ಬನ್ನ ಇಟಗೊಂಡೀವಿ. ನೀವೂ ಬಿತ್ರಿ, ಮುಂದಿನ ವರ್ಷ ಬೆಳಿ ಬರ್ತೈತಿ.”

“ನಿನ್ನ ಲಗ್ನಪತ್ರಿಕಿಯೊಳಗ ಬಿತ್ತಬೇಕಾಗಿತ್ತಪ್ಪ, ಮರತೆ,” ಎಂದು ಫೋನ್ ಇಟ್ಟಳು.

ಆ ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ ಇತ್ತು. ಅವಳು ಪಲ್ಯಕ್ಕೆ ಉಪ್ಪು ಹಾಕುವುದನ್ನು ಮರೆತಿದ್ದಳು. ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಹಾಗಾಗಿರಲಿಲ್ಲ. ಶಿವಪುತ್ರ ಸುಮ್ಮನೆ ಎರಡನೇ ಸಲ ಬಡಿಸಿಕೊಂಡ.

*

ಬಿತ್ತಿದ ತಪ್ಪುಗಳು ಯಂತ್ರಕ್ಕೆ ಗೊತ್ತಾಗುತ್ತಿದ್ದವು. ಸಹಜವಾಗಿ ಆದ ತಪ್ಪುಗಳಿಗಿಂತ ಅವು ತೀರ ಚೆಂದವಾಗಿರುತ್ತಿದ್ದವು. ಆ ದಾರಿ ಬೇಡವೆಂದು ಶಿವಪುತ್ರನಿಗೆ ಗೊತ್ತಿತ್ತು. ಬೇರೆ ದಾರಿಯನ್ನು ಗುರುವಾರ ಸಬೀಹಾಳೇ ತಂದಳು.

“ಸರ್, ಮಷೀನು ಒಗದದ್ದನ್ನ ನೋಡಿದೆ,” ಎಂದಳು.

ಯಾವುದಾದರೂ ಸಂಗತಿ ‘ಸಹವಾಸ’ದಲ್ಲೂ ಹೊರಗೂ ಒಂದೇ ಆಗಿದ್ದು, ಅದು ಸರಿಯೂ ಆಗಿದ್ದರೆ, ಯಂತ್ರ ಅದನ್ನು ಲೆಕ್ಕಕ್ಕೆ ಹಿಡಿಯದೆ ಪಕ್ಕಕ್ಕಿಡುತ್ತಿತ್ತು, ಸರಿಯಾದದ್ದನ್ನು ಯಾರು ಬೇಕಾದರೂ ಕಂಡಿರಬಹುದಲ್ಲ. ಹಾಗೆ ಪಕ್ಕಕ್ಕಿಟ್ಟದ್ದರಲ್ಲಿ ಒಂದು ಅಂಕಿ ರಾಜ್ಯದ ಮೂಲೆಮೂಲೆಯಲ್ಲಿ ಸಿಗುತ್ತಿತ್ತು. ಅದು ೩.೪.

“ಮನಿಗೆ ದಿನಾ ಬರೋ ಮಂದಿ, ಸರಾಸರಿ. ಹತ್ತನೇ ಈಯತ್ತೆ ಪುಸ್ತಕದಾಗ ಐತಿ. ನಳದ ನೀರಿನ ಲೆಕ್ಕದಾಗ ಐತಿ. ಹೊಸ ಮನಿ ಮುಂದ ಅತಿಥಿಕಟ್ಟಿ ಕಟ್ಟಬೇಕಂತ ನಿಯಮ ಐತೆಲ್ಲ, ಅದರಾಗೂ ಇದ ಅಂಕಿ. ಒಬ್ಬರಿಗೆ ಅರ್ಧ ಮೀಟರ್, ಮೂರೂ ಪಾಯಿಂಟ್ ನಾಲ್ಕಕ್ಕ ಒಂದು ಮೀಟರ್ ಎಪ್ಪತ್ತು. ಯಾರೂ ಹೆಸರು ಹೇಳಿಲ್ಲ. ಆದ್ರ ಎಲ್ಲಾಕ್ಕಿಂತ ಮೊದಲು ಅಚ್ಚಾದದ್ದು ‘ಸಹವಾಸ’ದಾಗ, ಎರಡು ಸಾವಿರದ ಎಂಟರಾಗ. ಲೇಖಕಿ ನೀಲಾಂಬಿಕಾ ಹುಲಕೋಟಿ.”

ಹುಲಕೋಟಿ ಎಂಬುದು ನೀಲಾಂಬಿಕೆಯ ತವರುಮನೆಯ ಹೆಸರು. ಅದು ಅವಳು ಬರೆದ ಮೊದಲ ಲೇಖನ. ಸಂಪಾದಕಿಯಾಗಿದ್ದು ಬಹಳ ಆಮೇಲೆ.

“ಇದು ಸರಿ ಇರೋತನಕ ಅಂಕ ಇಲ್ರಿ,” ಎಂದು ಸಬೀಹಾ ನಿಟ್ಟುಸಿರು ಬಿಟ್ಟಳು. “ತಪ್ಪಿದ್ರ ಅಂಕ. ನಮ್ಮ ಹಣೆಬಾರ ನೋಡ್ರಿ, ತಪ್ಪಿಲ್ಲ.”

ಶಿವಪುತ್ರ ಲೇಖನದ ಕೋಷ್ಟಕವನ್ನು ಓದಿದ. ಹೂಗಾರ ಓಣಿ, ಅರವತ್ತು ಮನೆ. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಇವತ್ತು ನಿಮ್ಮ ಮನೆಗೆ ಎಷ್ಟು ಜನ ಬಂದಿದ್ದರು? ಮನೆಗಳ ಸಾಲಿನ ಮುಂದೆ ಅಂಕಿಗಳ ಸಾಲು. ೩, ೫, ೧, ೪, ೨. ಒಟ್ಟು ೨೦೪. ಅರವತ್ತರಿಂದ ಭಾಗಿಸಿದರೆ ೩.೪. ಎಲ್ಲ ಸರಿಯಾಗಿತ್ತು. ಆದರೂ ಅವನ ಬೆರಳು ಸಾಲಿನ ಮೇಲೆ ಮತ್ತೆ ಮತ್ತೆ ಓಡಾಡಿತು. ಏನೋ ಇರಬೇಕಾದದ್ದು ಅಲ್ಲಿರಲಿಲ್ಲ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿದ ಮೇಲೆ ಹೊಳೆಯಿತು.

“ಸಬೀಹಾ, ಇದರಾಗ ಸೊನ್ನಿ ಎಲ್ಲೈತಿ?”

“ಎಲ್ಲಿ ಸೊನ್ನಿ ಸರ್?”

“ಅದ. ಅರವತ್ತು ಮನ್ಯಾಗ ಒಂದಕ್ಕರ ಅವತ್ತ ಯಾರೂ ಬರದ ಇದ್ದಿರಬೇಕಲ್ಲ. ನಾಕೈದು ಮನಿಗರ ಸೊನ್ನಿ ಬರಬೇಕು. ಎಲ್ಲಾಕ್ಕಿಂತ ಕಡಿಮಿ ಇದ್ದ ಮನೀಗೂ ಒಂದೈತಿ.”

ಸಬೀಹಾ ಪರದೆಯ ಕಡೆ ಬಾಗಿದಳು. ಬೇರೆ ಊರುಗಳಲ್ಲಿ ಆಮೇಲೆ ಬೇರೆಯವರು ಮಾಡಿದ ಎಣಿಕೆಗಳನ್ನು ಪಕ್ಕಕ್ಕೆ ತಂದಳು. ಅಲ್ಲೆಲ್ಲ ಸೊನ್ನೆಗಳಿದ್ದವು. ಹೂಗಾರ ಓಣಿಯ ಅಂಕಿಗಳನ್ನೆಲ್ಲ ಒಂದೊಂದರಂತೆ ಕೆಳಗಿಳಿಸಿದಾಗ ಎರಡೂ ಎಣಿಕೆಗಳ ಗೆರೆಗಳು ಒಂದರ ಮೇಲೊಂದು ಕೂತವು. “ಪ್ರತಿ ಮನ್ಯಾಗೂ ಒಬ್ಬರು ಹೆಚ್ಚಿಗಿ,” ಎಂದಳು. “ಅರವತ್ತೂ ಮನ್ಯಾಗ. ಯಾರ್ರಿ ಇವರು, ಎಣಿಸಿದ ದಿನ ಎಲ್ಲಾರ ಮನೀಗೂ ಹೋದವರು?”

ಶಿವಪುತ್ರನ ಕಣ್ಣ ಮುಂದೆ ಸಂಜೆಯ ಬೆಳಕಿನಲ್ಲಿ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದ ಒಬ್ಬ ಹುಡುಗಿ ಇದ್ದಳು.

ಅವನಿಗೆ ಆಗ ಇಪ್ಪತ್ತೆರಡು, ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ. ಓಣಿಯ ಮೊದಲ ಮನೆ ಅವರದೇ. ಹುಡುಗಿ ರಟ್ಟಿನ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬಂದು ಕೂತಳು. ಅವ್ವ ಚೂಡಾ ಕೊಟ್ಟಳು, ಅವನು ಚಹಾ ಮಾಡಿ ತಂದ. ಇವತ್ತು ಎಷ್ಟು ಜನ ಬಂದಿದ್ದರೆಂದು ಕೇಳಿದಾಗ ಅವ್ವ ಇಬ್ಬರೆಂದಳು. ಹುಡುಗಿ ಬರೆದುಕೊಂಡಳು. ಅವ್ವ ಕತ್ತು ಚಾಚಿ ಕಾಗದ ನೋಡಿದಳು.

“ಯಾಕವಾ, ನಿನ್ನ ಬರಕೊಳ್ಳಲಿಲ್ಲ?”

“ನಾ ಸರ್ವೇಕ್ಕ ಬಂದಾಕಿರಿ.”

“ಯಾತಕ್ಕರ ಬಾ. ಹೊಸ್ತಿಲಾ ದಾಟಿದಿ, ಚಾ ಕುಡಿದಿ. ನಮ್ಮ ಮನೀಗೆ ಬಂದಾಕಿ ಅಲ್ಲೇನು? ನಿನ್ನ ಬಿಟ್ಟು ಎಣಿಸಿದ್ರ ನನಗ ಸಮಾಧಾನ ಆಗೂದಿಲ್ಲ. ಮೂರಂತ ಬರಿ.”

ಹುಡುಗಿ ಅನುಮಾನಿಸಿ, ಎರಡನ್ನು ಹೊಡೆದು ಮೂರು ಎಂದು ಬರೆದಳು. ಶಿವಪುತ್ರನಿಗೆ ಅವಳ ಮುಂದಿನ ಐವತ್ತೊಂಬತ್ತು ಮನೆಗಳು ಕಣ್ಣಿಗೆ ಕಟ್ಟಿದಂತೆ ಕಂಡವು. ಇವಳ ಸ್ವಭಾವ ಅವನಿಗೆ ಗೊತ್ತಿಲ್ಲವೇ. ಒಂದು ಮನೆಯಲ್ಲಿ ತನ್ನನ್ನು ಎಣಿಸಿದ ಮೇಲೆ ಉಳಿದ ಮನೆಗಳಲ್ಲಿ ಬಿಟ್ಟರೆ ಅಳತೆ ಒಂದೇ ಸಮ ಇರುವುದಿಲ್ಲ. ಅಚ್ಚುಕಟ್ಟಿನ ಹುಡುಗಿ ಅಚ್ಚುಕಟ್ಟಾಗಿ ಅರವತ್ತೂ ಕಡೆ ತನ್ನನ್ನು ಬರೆದುಕೊಂಡಿದ್ದಳು.

“ಗೊತ್ತಾತು,” ಎಂದ. “ಆದ್ರ ನಾ ಹೇಳಿದ್ರ ನಡಿಯೂದಿಲ್ಲ. ನಾ ಗಂಡ. ಆಕಿನ ಬರದು ಕೊಡಬೇಕು.”

“ಕೊಡ್ತಾರೇನ್ರಿ?”

“ಲಗ್ನಪತ್ರಿಕಿಯೊಳಗ ಕಾಮಾ ತಪ್ಪಿದ್ರ ನಿದ್ದಿ ಮಾಡಾಕಿ ಅಲ್ಲ ಆಕಿ. ನೋಡೂಣು.”

*

ಹೇಳುವುದಕ್ಕೆ ಎರಡು ದಿನ ಹಿಡಿಯಿತು. ಹೇಳಿದರೆ ಪತ್ರಿಕೆ ಉಳಿಯುತ್ತದೆ. ಆದರೆ ತನ್ನದೊಂದು ತಪ್ಪೂ ಅಚ್ಚಾಗಿಲ್ಲವೆಂಬ ಅವಳ ಒಂದೇ ಒಂದು ಹೆಮ್ಮೆ ಹೋಗುತ್ತದೆ. ಹೇಳದಿದ್ದರೆ ಹೆಮ್ಮೆ ಉಳಿಯುತ್ತದೆ, ಇಟ್ಟುಕೊಳ್ಳಲು ಪತ್ರಿಕೆ ಇರುವುದಿಲ್ಲ. ಶನಿವಾರ ಮಧ್ಯಾಹ್ನ, ಅವಳು ಮೆಂತೆ ಸೊಪ್ಪು ಬಿಡಿಸುತ್ತಿದ್ದಾಗ, ತಾನೂ ಒಂದು ಕಟ್ಟು ತೆಗೆದುಕೊಂಡು ಎದುರಿಗೆ ಕೂತ.

“ನಮ್ಮ ಅವ್ವ ನಿನಗ ಮೊದಲ ದಿನ ಏನಂದಿದ್ಲು, ನೆನಪೈತೇನು?”

“ಚೂಡಾದಾಗ ಶೇಂಗಾ ಕಡಿಮಿ ಆಗ್ಯಾವ, ಕ್ಷಮಿಸವಾ ಅಂದಿದ್ರು.”

“ಅದಾದ ಮ್ಯಾಲ.”

ನೀಲಾಂಬಿಕೆ ನಗುತ್ತ ಬಾಯಿ ತೆರೆದವಳು ಹಾಗೆಯೇ ಉಳಿದಳು. ಕೈಯಲ್ಲಿದ್ದ ಕಡ್ಡಿ ಕೆಳಗೆ ಬಿತ್ತು. ಅವಳು ಎದ್ದು ಒಳಗೆ ಹೋಗಿ ಹಳೆಯ ಸಂಚಿಕೆ ಹಿಡಿದುಕೊಂಡು ಬಂದಳು. ಅಂಕಿಗಳ ಸಾಲನ್ನು ಒಮ್ಮೆ ನೋಡಿದಳು. ಅವಳಿಗೆ ಎರಡನೇ ಸಲ ಬೇಕಾಗಲಿಲ್ಲ.

“ಸೊನ್ನಿ ಇಲ್ಲ,” ಎಂದಳು.

“ಹೂಂ.”

“ಎರಡು ಪಾಯಿಂಟ್ ನಾಲ್ಕು.”

“ಹೂಂ.”

“ಇದನ್ನ ಎಷ್ಟು ಕಡೆ ಬಳಸ್ಯಾರ?”

ಅವನು ಹೇಳಿದ. ಪಠ್ಯಪುಸ್ತಕ, ನೀರು, ಕಟ್ಟೆ. ಅವಳಿಗೆ ಅಂಕದ ಮಾತು ನೆನಪೇ ಆಗಲಿಲ್ಲ. “ಇಷ್ಟು ಮಂದಿ ನನ್ನ ನಂಬಿ ಕಲ್ಲು ಕೊಂಡಾರ,” ಎಂದು ಮೆಲ್ಲಗೆ ಹೇಳಿ ಚಪ್ಪಲಿ ಮೆಟ್ಟಿ ಹೊರಟಳು. ಅವನು ಅಳತೆ ಟೇಪು ಜೇಬಿಗೆ ಹಾಕಿಕೊಂಡು ಹಿಂದೆ ಹೋದ.

ಹೂಗಾರ ಓಣಿಯ ಹಳೆಯ ಮನೆಗಳಲ್ಲಿ ಹೆಚ್ಚಿನವು ಈ ಇಪ್ಪತ್ತು ವರ್ಷಗಳಲ್ಲಿ ಬಿದ್ದು ಹೊಸದಾಗಿ ಎದ್ದಿದ್ದವು. ನಿಯಮದ ಪ್ರಕಾರ ಪ್ರತಿ ಮನೆಯ ಮುಂದೆ ಒಂದು ಅತಿಥಿಕಟ್ಟೆ. ಅವನು ಮೊದಲನೆಯದಕ್ಕೆ ಟೇಪು ಹಿಡಿದ. ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್.

“ಒಂದು ಮೀಟರ್ ಇಪ್ಪತ್ತು ಸಾಕಾಗಿತ್ತು,” ಎಂದಳು. “ಅರ್ಧ ಮೀಟರ್ ಹೆಚ್ಚಿಗಿ. ಒಂದೊಂದು ಮನೀಗೆ.”

“ನಿಂದು ಅದು.”

ಆ ಹೆಚ್ಚಿನ ಅರ್ಧ ಮೀಟರಿನ ಮೇಲೆ ಪಾರ್ಸಲ್ ಹಂಚುವ ಒಬ್ಬ ಹೆಂಗಸು ಚೀಲ ಇಳಿಸಿ, ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. “ಕೂತಗೊಳ್ಳಬಾರದೇನ್ರಿ ಇಲ್ಲಿ?” ಎಂದು ಟೇಪು ನೋಡಿ ಏಳಹೋದಳು.

“ಕೂಡವಾ,” ಎಂದಳು ನೀಲಾಂಬಿಕೆ. “ಮಂದಿಗೆ ಅಂತನ ಕಟ್ಟಿದ್ದು.”

ಮುಂದಿನ ಕಟ್ಟೆಯಲ್ಲಿ ಇಬ್ಬರು ಅವರೆಕಾಯಿ ಸುಲಿಯುತ್ತಿದ್ದರು, ಬುಟ್ಟಿಗೂ ಜಾಗವಿತ್ತು. ಅದರಾಚೆಯದರಲ್ಲಿ ಒಬ್ಬ ಮುದುಕ ಪೇಪರು ಹರಡಿಕೊಂಡು ಪಕ್ಕದ ಖಾಲಿ ಜಾಗವನ್ನು ಯಾರಿಗೋ ಕಾದಿಟ್ಟಂತೆ ಟವೆಲ್ ಹಾಕಿದ್ದ. ನೀಲಾಂಬಿಕೆ ಓಣಿಯ ತುದಿಯವರೆಗೆ ನಡೆದಳು. ತಿರುಗಿ ಬರುವಾಗ ಗಂಡನ ಕೈಯಿಂದ ಟೇಪು ತೆಗೆದುಕೊಂಡು ತಾನೇ ಸುತ್ತಿದಳು.

“ಬರದು ಕೊಡ್ತೀನಿ,” ಎಂದಳು. “ಅಂಕ ಬರಲಿ, ಬಿಡಲಿ. ತಪ್ಪು ಅಂದ ಮ್ಯಾಲ ತಿದ್ದಬೇಕು. ಆದ್ರ ಬರೇ ಎರಡು ಪಾಯಿಂಟ್ ನಾಲ್ಕು ಅಂತ ಹಾಕಿ ಕೈ ತೊಳಕೊಳ್ಳೂದಿಲ್ಲ. ಈಗ ಎಷ್ಟೈತಿ ಅಂತ ಮತ್ತ ಅಳೀತೀನಿ. ಇದ ಓಣಿ, ಅವ ಅರವತ್ತು ಮನಿ.”

“ಅಳೀವಂತಿ. ಈ ಸಲ ನಿನ್ನ ಬಿಟ್ಟು.”

“ನಿಮ್ಮ ಅವ್ವ ಮ್ಯಾಲಿಂದ ನೋಡಾಕತ್ತಿದ್ರ ಬೈತಾರ. ಬೈಲಿ.”

*

ಮಾರ್ಚ್ ೨೭ರಂದು ಸಬೀಹಾ ನೀಲಾಂಬಿಕೆ ಬರೆದುಕೊಟ್ಟ ಹೇಳಿಕೆಯನ್ನು ಯಂತ್ರಕ್ಕೆ ಕೊಟ್ಟಳು. ಜೊತೆಗೆ ಸೊನ್ನೆಗಳಿಲ್ಲದ ಸಾಲಿನ ವಿಶ್ಲೇಷಣೆಯನ್ನೂ ಇಟ್ಟಳು, ಯಾರೂ ಬೇಕೆಂದು ಹುಟ್ಟಿಸಿದ ತಪ್ಪು ಎನ್ನಬಾರದೆಂದು. ೩.೪ ತಪ್ಪೆಂದು ಒಪ್ಪಿಕೊಂಡ ಕ್ಷಣದಿಂದ ಜಾಡುಮಾಪಕ ಅದರ ಹಿಂದೆ ಹೊರಟಿತು. ಪಠ್ಯದಿಂದ ಆದೇಶಕ್ಕೆ, ಆದೇಶದಿಂದ ನಕ್ಷೆಗೆ, ನಕ್ಷೆಯಿಂದ ಕಟ್ಟೆಗೆ ಪರದೆಯ ಮೇಲೆ ಸಣ್ಣ ದೀಪಗಳು ಹೊತ್ತಿದವು. ಶಿವಪುತ್ರ ಈ ಸಲವೂ ಬೇವಿನ ಮರ ನೋಡುತ್ತಿದ್ದ.

“ಸರ್, ಬೀದರಿಂದ ಚಾಮರಾಜನಗರದ ತನಕ ಒಂದ ಸವನ ದೀಪ,” ಎಂದಳು ಸಬೀಹಾ. “ಅಕ್ಕಾರು ಊರೂರಿನಾಗ ಕೂತಗೊಂಡಾರ.”

“ಅಂಕ ಹೇಳು.”

“ಏಳೂ ಪಾಯಿಂಟ್ ಮೂರು. ಆ ತಲಿಕೆಳಗ ಕೋಷ್ಟಕದವರನ್ನ ಹಿಂದ ಹಾಕೀವಿ.”

ಫೋನಿನಲ್ಲಿ ಸುದ್ದಿ ಕೇಳಿದ ನೀಲಾಂಬಿಕೆ, “ನಿಮ್ಮ ಮಷೀನಿಗೆ ಸರಿ ಇದ್ದದ್ದನ್ನೂ ಅಳ್ಯಾಕ ಕಲಸ್ರಿ,” ಎಂದಳು. “ನಾ ಎಷ್ಟು ಸಲ ತಪ್ಪು ಮಾಡಾಕಾಕ್ಕೈತಿ?” ಆಮೇಲೆ, ದನಿ ಇಳಿಸಿ, “ಸಬೀಹಾನ ಸಂಜಿಗೆ ಊಟಕ್ಕ ಕರಕೊಂಡು ಬರ್ರಿ. ಉಪ್ಪು ಹಾಕೀನಿ,” ಎಂದಳು.

ಉಪ್ಪಿಲ್ಲದ ಪಲ್ಯ ಅವಳಿಗೆ ಅವತ್ತೇ ಗೊತ್ತಾಗಿತ್ತೆಂದು ಶಿವಪುತ್ರನಿಗೆ ತಿಳಿದದ್ದು ಆಗಲೇ.

ಏಪ್ರಿಲ್‌ನಲ್ಲಿ ಅವಳು ರಟ್ಟಿನ ಹಲಗೆ ಹಿಡಿದು ಓಣಿ ಸುತ್ತಿದಳು. ಮನೆಮನೆಯಲ್ಲಿ ಚಹಾ ಕುಡಿಸಿದರು. ಮನೆಮನೆಯಲ್ಲಿ, ನೀವೂ ಬಂದಿದ್ದೀರಲ್ಲ, ಬರೆದುಕೊಳ್ಳಿ ಎಂದರು. ಹೂಗಾರರ ಮನೆಯ ಮದುಮಗಳಂತೂ ಪೆನ್ನನ್ನೇ ಹಿಡಿದುಕೊಂಡಳು. ನೀಲಾಂಬಿಕೆ ನಕ್ಕು ಪೆನ್ನು ಬಿಡಿಸಿಕೊಂಡಳೇ ಹೊರತು ತನ್ನನ್ನು ಬರೆದುಕೊಳ್ಳಲಿಲ್ಲ. ಐದು ಮನೆಗಳಲ್ಲಿ ಸೊನ್ನೆ ಬಂತು. ಸೊನ್ನೆ ಬಂದ ಮನೆಯಲ್ಲಿ ಮಾತ್ರ ಇನ್ನೊಂದು ಗಳಿಗೆ ಹೆಚ್ಚು ಕೂತಳು.

ಹಿಂದೆ ಮೊದಲನೆಯದಾಗಿದ್ದ ಮನೆಯನ್ನು ಈ ಸಲ ಕೊನೆಗೆ ಇಟ್ಟುಕೊಂಡಿದ್ದಳು. ಶಿವಪುತ್ರ ಬಾಗಿಲಲ್ಲೇ ನಿಂತಿದ್ದ. ಅವಳು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಗಂಭೀರವಾಗಿ ಕೇಳಿದಳು.

“ಇವತ್ತ ನಿಮ್ಮ ಮನೀಗೆ ಎಷ್ಟು ಮಂದಿ ಬಂದಿದ್ರು?”

“ಇಬ್ಬರು. ಸಬೀಹಾ, ಮತ್ತ ಲಗ್ನಪತ್ರಿಕಿ ಕೊಡಾಕ ಬಂದ ಹೂಗಾರ.”

ಅವಳು ಬರೆದುಕೊಂಡಳು. ಅವನು ಕತ್ತು ಚಾಚಿ ಕಾಗದ ನೋಡಿದ.

“ಯಾಕ, ನಿನ್ನ ಬರಕೊಳ್ಳಲಿಲ್ಲ? ಮೂರಂತ ಬರಿ.”

“ನಾ ಬಂದಾಕಿ ಅಲ್ಲ, ಮನಿಯಾಕಿ,” ಎಂದು ನೀಲಾಂಬಿಕೆ ಹಲಗೆಯನ್ನು ಅವನ ಕೈಗಿಟ್ಟು ಒಳಗೆ ನಡೆದಳು. “ಚಾ ಮಾಡ್ರಿ. ಅಂದು ಮಾಡಿದ್ದರಾಗ ಸಕ್ಕರಿ ಹೆಚ್ಚಾಗಿತ್ತು, ಹೇಳಿರಲಿಲ್ಲ.”

‘ಸಹವಾಸ’ದ ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ, ಆ ಪತ್ರಿಕೆಯ ಚರಿತ್ರೆಯಲ್ಲೇ ಮೊದಲ ತಿದ್ದುಪಡಿ ಅಚ್ಚಾಯಿತು: “೨೦೦೮ರ ‘ಹೂಗಾರ ಓಣಿಗೆ ಬರುವವರು’ ಲೇಖನದಲ್ಲಿ ಸಮೀಕ್ಷಕಿ ತನ್ನನ್ನೂ ಅತಿಥಿಯೆಂದು ಎಣಿಸಿದ್ದರಿಂದ ೩.೪ ಎಂದು ಅಚ್ಚಾಗಿತ್ತು, ಅದನ್ನು ೨.೪ ಎಂದು ಓದಿಕೊಳ್ಳಬೇಕು. ಪ್ರತಿ ಮನೆಯ ಮುಂದೆ ಒಬ್ಬರಿಗಾಗುವಷ್ಟು ಜಾಗ ಹೆಚ್ಚಾದ ಮೇಲೆ, ಅದೇ ಅರವತ್ತು ಮನೆಗಳಲ್ಲಿ, ಸಮೀಕ್ಷಕಿಯನ್ನು ಬಿಟ್ಟು, ೨೦೪೭ರ ಏಪ್ರಿಲ್‌ನಲ್ಲಿ ಮತ್ತೆ ಎಣಿಸಿದಾಗ, ಒಂದು ಮನೆಗೆ ಒಂದು ದಿನಕ್ಕೆ ಬಂದ ಅತಿಥಿಗಳ ಸರಾಸರಿ: ೨.೯.”